ಮರಕ್ಕೂ ಲೋಹಕ್ಕೂ ಯಾವ ಅಂಟು?

(ನಾಸಿಕ್ ರೋಡಿನಲ್ಲಿ ಕನ್ನಡ ಕೆಲಸಗಾರರ ಭಾನುವಾರದ ಮರಗೆಲಸ ತರಗತಿಯಲ್ಲಿ ಮಾಡಿದ ಭಾಷಣ)



ಸಂಘದವರು ಹೊಟೆಲು ಕೆಲಸಗಾರರನ್ನು ಕೂಡಿಸಿ ಭಾಷಣ ಮಾಡಿದರೆ ಪಗಾರ, ಬೋನಸ್ಸು, ವಾರದ ರಜೆ, ಇವುಗಳ ಮಾತು ಬರುವುದು ವಾಡಿಕೆ. ಇಂದು ನಾವು ಅಂಟಿನ ಮಾತು ಆಡಲು ಬಂದಿದ್ದೇವೆ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣುತ್ತದೆ. ನಗಲಿ. ಆದರೆ ಇಲ್ಲಿ ಕೂತಿರುವವರಲ್ಲಿ ಎಷ್ಟು ಮಂದಿ ತಟ್ಟೆ ಲೋಟ ಬಿಟ್ಟು ಫರ್ನಿಚರ್ ಕೆಲಸಕ್ಕೆ ಸೇರಿದ್ದೀರಿ, ಎಷ್ಟು ಮಂದಿ ಸೇರಬೇಕೆಂದು ಮನಸ್ಸು ಮಾಡಿದ್ದೀರಿ ಎಂಬುದು ನಮಗೆ ಗೊತ್ತು. ಅಂಥವರಿಗೆ ಅಂಟಿನ ವಿಷಯ ಪಗಾರದ ವಿಷಯದಷ್ಟೇ ದೊಡ್ಡದು. ಏಕೆಂದು ಹೇಳುತ್ತೇವೆ.

ಜಿಗ್ ಎಂಬ ಮಾತನ್ನು ಕಾರಖಾನೆಯಲ್ಲಿ ಕೇಳಿದ್ದೀರಿ. ಇಲ್ಲಿಯ ಮಿಸ್ತ್ರಿಗಳು ಅದನ್ನೇ ಫರ್ಮಾ ಎನ್ನುತ್ತಾರೆ. ಹೊಟೆಲಿನವರಿಗೆ ಅದನ್ನು ತಿಳಿಸಲು ಬಹಳ ಹೇಳಬೇಕಾಗಿಲ್ಲ. ಇಡ್ಲಿ ತಟ್ಟೆಯನ್ನು ನೋಡಿ. ಹಿಟ್ಟು ಹೊಯ್ಯುವವನು ಭಟ್ಟರಾಗಲಿ, ನಿನ್ನೆ ಊರಿನಿಂದ ಬಂದ ಹುಡುಗನಾಗಲಿ, ಇಡ್ಲಿಯ ಅಳತೆ ಒಂದೇ. ಕೈಯ ಕಸುಬನ್ನು ಗುಳಿಯೊಳಗೆ ಇಟ್ಟುಬಿಟ್ಟಿದ್ದಾರೆ. ನೂರು ಕುರ್ಚಿಯ ಕಾಲುಗಳನ್ನು ಒಂದೇ ಓರೆಗೆ ಕೊಯ್ಯಬೇಕಾದಾಗ, ನೂರು ತೂತುಗಳನ್ನು ಒಂದೇ ಜಾಗದಲ್ಲಿ ಕೊರೆಯಬೇಕಾದಾಗ, ಮರವನ್ನು ಹಿಡಿದು ದಾರಿ ತೋರಿಸುವ ಹಲಗೆಯೇ ಜಿಗ್ಗು. ಅದರ ಮೈ ಪ್ಲೈವುಡ್ಡು, ಅಂಚು ಅಲ್ಯುಮಿನಿಯಂ, ಹಲ್ಲು ತಾಗುವ ಕಡೆ ಉಕ್ಕು, ಮರ ಜಾರದಂತೆ ಒಂದು ಪಟ್ಟಿ ರಬ್ಬರು ಅಥವಾ ಪಾಲಿಷ್ ಕಾಗದ, ಮೇಲೆ ಸನ್‌ಮೈಕಾ. ಐದು ಜಾತಿಯ ವಸ್ತುಗಳು ಒಂದೇ ಮನೆಯಲ್ಲಿ ಬಾಳಬೇಕು. ಬಾಳಿಸುವುದು ಅಂಟು.

ಹೋದ ಬೇಸಿಗೆಯಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗನಿಗೆ ಆದದ್ದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಐದು ವರ್ಷ ಹೊಟೆಲಿನಲ್ಲಿ ಟೇಬಲು ಒರೆಸಿ, ಮೇಲೆ ಒಂದು ಫರ್ನಿಚರ್ ಕಾರಖಾನೆಗೆ ಸೇರಿದ್ದ. ಕಾರಖಾನೆಯ ಹೆಸರು ಇಲ್ಲಿ ಬೇಡ. ಅಲ್ಲಿ ಪ್ಲೈವುಡ್ಡಿನ ಫರ್ಮಾದ ಮೇಲೆ ಮರ ಆನಿಸುವ ಅಲ್ಯುಮಿನಿಯಂ ಪಟ್ಟಿಯನ್ನು ರಬ್ಬರ್ ಅಂಟಿನಿಂದ ಹಚ್ಚಿದ್ದರು. ಒಂದು ತಿರುಪು ಕೂಡ ಹಾಕಿರಲಿಲ್ಲ. ತಗಡಿನ ಮಾಡು, ಏಪ್ರಿಲ್ ತಿಂಗಳ ಬಿಸಿಲು. ಪಟ್ಟಿ ದಿನಕ್ಕೆ ಕೂದಲೆಳೆಯಷ್ಟು ಜಾರುತ್ತ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಒಂದು ಮಧ್ಯಾಹ್ನ ಹುಡುಗ ಮರವನ್ನು ಒತ್ತಿ ಹಿಡಿದಾಗ ಪಟ್ಟಿ ಕಿತ್ತು ಬಂತು. ಮರ ಓರೆಯಾಗಿ ಗರಗಸದ ಹಲ್ಲಿಗೆ ಸಿಕ್ಕಿ ಹಿಂದಕ್ಕೆ ಹಾರಿತು, ಕೈ ಮುಂದಕ್ಕೆ ಹೋಯಿತು. ಎಡಗೈಯ ತೋರುಬೆರಳು ಹೋಯಿತು. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ಗಳಿಸುವ ಶಕ್ತಿಯಲ್ಲಿ ನೂರಕ್ಕೆ 14 ಪಾಲು ನಷ್ಟ, ಹೆಬ್ಬೆರಳಾದರೆ 30 ಪಾಲು ಎಂದು ಬರೆದಿದ್ದರು. ಬರೆದವರು ಉಳಿ ಹಿಡಿದು ನೋಡಿದವರಲ್ಲವೆಂದು ತೋರುತ್ತದೆ.

ನಾವು ಆಸ್ಪತ್ರೆಗೆ ಹೋದಾಗ ಆ ಹುಡುಗ ದುಡ್ಡಿನ ಮಾತೆತ್ತಲಿಲ್ಲ. "ಅಣ್ಣಾ, ಅಂಟು ಒಳ್ಳೇದೇ ಇತ್ತಲ್ಲ? ಹೊಸ ಡಬ್ಬಿ, ನಾನೇ ಒಡೆದದ್ದು," ಎಂದ. ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕಾಗಿಯೇ ಇಂದಿನ ಭಾಷಣ. ಅಂಟು ಒಳ್ಳೆಯದೇ ಇತ್ತು. ಸನ್‌ಮೈಕಾ ಕೂರಿಸುವುದಕ್ಕೆ ಅದರಂಥದು ಇನ್ನೊಂದಿಲ್ಲ. ಗರಗಸದ ಮುಂದೆ ಲೋಹದ ಪಟ್ಟಿ ಹಿಡಿಯುವುದು ಅದರ ಕಸುಬಲ್ಲ.

ಬೇರೆ ಬೇರೆ ಜಾತಿಯ ವಸ್ತುಗಳನ್ನು ಕೂಡಿಸುವಾಗ ಜಗಳ ಎಲ್ಲಿ ಹುಟ್ಟುತ್ತದೆ? ಮರ ಸತ್ತ ಮೇಲೂ ನೀರು ಕುಡಿಯುತ್ತದೆ. ಮಳೆಗಾಲದ ಗಾಳಿಯಿಂದ ತೇವ ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಹಿಗ್ಗು ಕುಗ್ಗು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಬಹಳ. ಸಾಗುವಾನಿ ಸಾಧು ಮರವೆಂದು ಹೆಸರಾದದ್ದು. ಅದರ ಒಂದಡಿ ಅಗಲದ ಹಲಗೆಯಲ್ಲಿ ತೇವ ನೂರಕ್ಕೆ ಐದು ಪಾಲು ಇಳಿದರೆ ಒಂದೂವರೆಯಿಂದ ಎರಡೂವರೆ ಮಿಲಿಮೀಟರಿನಷ್ಟು ಅಗಲ ಕಡಿಮೆಯಾಗುತ್ತದೆ. ಅದರ ಪಕ್ಕದಲ್ಲಿರುವ ಒಂದಡಿ ಅಲ್ಯುಮಿನಿಯಂ ಪಟ್ಟಿ ಗಾಳಿಯ ತೇವಕ್ಕೆ ಕದಲುವುದೇ ಇಲ್ಲ. ಬಿಸಿ ಮೂವತ್ತು ಡಿಗ್ರಿ ಏರಿದರೂ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು ಬೆಳೆದೀತು, ಉಕ್ಕಾದರೆ ಅದರಲ್ಲಿ ಅರ್ಧ. ಒಬ್ಬ ಓಡುತ್ತಾನೆ, ಒಬ್ಬ ನಿಂತಿದ್ದಾನೆ, ನಡುವೆ ಸಿಕ್ಕಿದವನು ಅಂಟು.

ನಾಸಿಕ್ ರೋಡಿನವರು ಇದನ್ನು ಮುಂಬಯಿಯವರಿಗಿಂತ ಹೆಚ್ಚು ಗಮನಿಸಬೇಕು. ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಕೊಯ್ದು ಕೂಡಿಸಿದ ಫರ್ಮಾ ಕಸಾರಾ ಘಾಟಿ ಏರಿ ಇಲ್ಲಿಗೆ ಬಂದರೆ, ಮಾರ್ಚ್ ಏಪ್ರಿಲ್ ಹೊತ್ತಿಗೆ ಅದು ಬೇರೆಯೇ ಮರ. ಆದುದರಿಂದ ಮೊದಲ ಮಾತು ಅಂಟಿನದಲ್ಲ, ಹಲಗೆಯದು. ಫರ್ಮಾದ ಮೈಗೆ ಗಟ್ಟಿಮರದ ಅಗಲ ಹಲಗೆ ಬೇಡ, ಒಳ್ಳೆಯ ಪ್ಲೈವುಡ್ಡು ತೆಗೆದುಕೊಳ್ಳಿ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮತ್ತೊಂದರ ಎಳೆ ಅಡ್ಡಕ್ಕೆ ಇರುವುದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಅರ್ಧ ಜಗಳ ಅಲ್ಲಿಗೇ ತೀರಿತು.

ಇನ್ನು ಅಂಟುಗಳು. ಬಿಳಿ ಅಂಟನ್ನು ಎಲ್ಲರೂ ಫೆವಿಕಾಲ್ ಎಂದೇ ಕರೆಯುತ್ತೇವೆ. ಅದು ಮುಂಬಯಿಯಲ್ಲಿ 1959ರಲ್ಲಿ ಹುಟ್ಟಿದ್ದು. ಅದಕ್ಕೆ ಮೊದಲು ನಮ್ಮೂರಿನ ಆಚಾರಿಗಳು ಮರವಜ್ರವನ್ನು, ಇಲ್ಲಿಯವರು ಅದನ್ನೇ ಸರಸವೆಂದು, ಚರ್ಮ ಎಲುಬು ಕುದಿಸಿ ಮಾಡಿದ ಅಂಟನ್ನು, ಒಲೆಯ ಮೇಲೆ ಕಾಯಿಸಿ ಹಚ್ಚುತ್ತಿದ್ದರು. ಅದರ ನಾತ ಬಲ್ಲವರು ಬಲ್ಲರು. ಬಿಳಿ ಅಂಟಿನ ಕಾರಖಾನೆ ಕಟ್ಟಿದ ಬಲವಂತ ಪಾರೇಖರು ಗುಜರಾತಿನ ಮಹುವಾದವರು. ಕಾನೂನು ಓದಿಯೂ ಮೊದಲು ಮರದ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಜವಾನರಾಗಿ ದುಡಿದವರು. ಈ ಅಂಟು ನೀರಿನಲ್ಲಿ ಕದಡಿದ್ದು. ನೀರು ಮರದೊಳಗೆ ಇಳಿದುಹೋದರೆ ಮಾತ್ರ ಗಟ್ಟಿಯಾಗುತ್ತದೆ. ಮರಕ್ಕೆ ಮರವನ್ನು ಸೇರಿಸಿ ಕ್ಲಾಂಪು ಬಿಗಿದರೆ, ಮುರಿದು ನೋಡಿದಾಗ ಅಂಟು ಬಿಡುವುದಿಲ್ಲ, ಮರವೇ ಸೀಳುತ್ತದೆ. ಆದರೆ ಉಕ್ಕು ನೀರು ಕುಡಿಯುವುದಿಲ್ಲ, ತುಕ್ಕು ಹಿಡಿಯುತ್ತದೆ. ಲೋಹಕ್ಕೆ ಲೋಹ, ಲೋಹಕ್ಕೆ ಸನ್‌ಮೈಕಾ, ಇಂಥ ಕಡೆ ಬಿಳಿ ಅಂಟು ಹಚ್ಚಿದರೆ ವಾರ ಕಳೆದರೂ ಒಳಗೆ ಹಸಿಯಾಗಿಯೇ ಇರುತ್ತದೆ.

ಇನ್ನೊಂದು ಗುಣವೂ ಉಂಟು, ಅದು ಈ ಊರಿಗೇ ಸಂಬಂಧಪಟ್ಟದ್ದು. ಬಿಳಿ ಅಂಟಿಗೆ ಚಳಿ ಆಗದು. ಹವೆ ಹತ್ತು ಡಿಗ್ರಿಯ ಸುತ್ತ ಇಳಿದರೆ ಅದು ಒಣಗುವಾಗ ಪೊರೆಯಾಗಿ ಕೂಡಿಕೊಳ್ಳದೆ ಸುಣ್ಣದ ಪುಡಿಯಂತೆ ಬೆಳ್ಳಗಾಗುತ್ತದೆ. ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಮುಂಬಯಿಯಲ್ಲಿ ಈ ಚಿಂತೆ ಇಲ್ಲ. ನಾಸಿಕದಲ್ಲಿ ಡಿಸೆಂಬರ್ ಜನವರಿಯ ರಾತ್ರಿ ಹತ್ತಕ್ಕಿಂತ ಕೆಳಗೆ ಇಳಿಯುವುದುಂಟು. ಸಂಜೆ ಹಚ್ಚಿಟ್ಟು ಶೆಡ್ಡಿನ ಬಾಗಿಲು ಹಾಕಿ ಹೋಗುವವರು ಬೆಳಿಗ್ಗೆ ಕಂಪೆನಿಯನ್ನು ಬಯ್ಯುತ್ತಾರೆ. ಬಯ್ಯಬೇಕಾದದ್ದು ಗಡಿಯಾರವನ್ನು. ಚಳಿಗಾಲದಲ್ಲಿ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಹಚ್ಚಿ. ಅಂಟಿನ ಡಬ್ಬಿ ಮಾತ್ರವಲ್ಲ, ಮರವೂ ಬೆಚ್ಚಗಿರಬೇಕು.

ರಬ್ಬರ್ ಅಂಟು ಎಂದರೆ ಹಳದಿ ಬಣ್ಣದ, ಮೂಗಿಗೆ ಬಡಿಯುವ ವಾಸನೆಯದು. ಎರಡೂ ಮೈಗೆ ತೆಳ್ಳಗೆ ಬಳಿದು, ಬೆರಳು ಮುಟ್ಟಿದರೆ ಹತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒಮ್ಮೆಲೇ ಒತ್ತಬೇಕು. ಕೂತಿತೆಂದರೆ ಕೂತಿತು, ಸರಿಸಲಾಗುವುದಿಲ್ಲ. ನೀರು ಕುಡಿಯದ ವಸ್ತುಗಳಿಗೂ ಹತ್ತುತ್ತದೆ, ಮೆತ್ತಗಿರುವುದರಿಂದ ಹಿಗ್ಗು ಕುಗ್ಗನ್ನು ತಡೆದುಕೊಳ್ಳುತ್ತದೆ. ಸನ್‌ಮೈಕಾ, ರಬ್ಬರು, ತೊಗಲು, ಬೆಂಡು, ಪಾಲಿಷ್ ಕಾಗದ, ಇವಕ್ಕೆ ಅದೇ. ಅದರ ಗುಣವೇ ಅದರ ದೋಷ. ಮೆತ್ತಗಿರುವುದು ಎಡೆಬಿಡದ ಒತ್ತಡಕ್ಕೆ ಜಾರುತ್ತದೆ, ಬಿಸಿಗೆ ಇನ್ನೂ ಮೆತ್ತಗಾಗುತ್ತದೆ. ಚಹಾದ ಬಾಯ್ಲರ್ ಇಡುವ ಕೌಂಟರಿನ ಸನ್‌ಮೈಕಾ ಮೊದಲು ಎಲ್ಲಿ ಏಳುತ್ತದೆಂಬುದನ್ನು ನೆನಪು ಮಾಡಿಕೊಳ್ಳಿ. ಬಾಯ್ಲರಿನ ಕಾಲ ಬುಡದಲ್ಲೇ ಅಲ್ಲವೆ? ಆ ಹುಡುಗನ ಪಟ್ಟಿ ಎದ್ದದ್ದೂ ಅದೇ ಕಾರಣಕ್ಕೆ.

ಮರಕ್ಕೆ ಲೋಹ ಹಿಡಿಯಬೇಕಾದರೆ ಎರಡು ಟ್ಯೂಬಿನ ಅಂಟು, ಎಪಾಕ್ಸಿ. ಅಂಗಡಿಯಲ್ಲಿ ಅರಾಲ್ಡೈಟ್ ಎಂದು ಕೇಳುತ್ತೇವೆ. ಸ್ವಿಟ್ಜರ್ಲೆಂಡಿನಲ್ಲಿ 1946ರಲ್ಲಿ ಹೊರಬಂದ ಹೆಸರು ಅದು. ಇದರಲ್ಲಿ ನೀರಿಲ್ಲ, ಆರಿಹೋಗುವ ಎಣ್ಣೆಯಿಲ್ಲ. ಎರಡು ದ್ರವಗಳು ಒಂದಕ್ಕೊಂದು ಕೂಡಿ ತಾವೇ ಗಟ್ಟಿಯಾಗುತ್ತವೆ. ಆದುದರಿಂದ ಕುಗ್ಗುವುದಿಲ್ಲ, ಸಂದು ಇದ್ದರೆ ತುಂಬುತ್ತದೆ, ಉಕ್ಕಿಗೂ ಹಿತ್ತಾಳೆಗೂ ಮರಕ್ಕೂ ಹತ್ತುತ್ತದೆ. ಪ್ರಮಾಣ ಟ್ಯೂಬಿನ ಮೇಲೆ ಬರೆದಂತೆಯೇ ಇರಬೇಕು. ಗಟ್ಟಿ ಮಾಡುವ ದ್ರವ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆಂದು ಮಿಸ್ತ್ರಿಗಳೂ ಹೇಳುವುದುಂಟು. ಹೆಚ್ಚಾದ ದ್ರವಕ್ಕೆ ಜತೆ ಸಿಗದೆ ಒಳಗೆ ಮೆತ್ತಗೆ ಉಳಿಯುತ್ತದೆ, ಅಷ್ಟೆ. ಬೇಗ ಬೇಕಾದರೆ ಬೆಚ್ಚಗಿಡಿ. ಹತ್ತು ಡಿಗ್ರಿ ಇಳಿದರೆ ಸುಮಾರು ಎರಡು ಪಟ್ಟು ಹೊತ್ತು ಹಿಡಿಯುತ್ತದೆಂಬ ಲೆಕ್ಕ ತಲೆಯಲ್ಲಿರಲಿ. ಐದು ನಿಮಿಷದ ಜಾತಿಯೂ ಉಂಟು. ಗರಗಸದ ಮುಂದೆ ಅದನ್ನು ನಂಬಬೇಡಿ. ಇನ್ನೊಂದು ಮಾತು. ಬಿಳಿ ಅಂಟಿನಂತೆ ಕ್ಲಾಂಪಿನಲ್ಲಿ ಹಿಂಡಿ ತೆಗೆಯಬಾರದು. ಎಲ್ಲ ಹೊರಗೆ ಬಂದರೆ ನಡುವೆ ಹಿಡಿಯಲು ಏನು ಉಳಿಯಿತು?

ನಡುವೆ ಒಂದಿಷ್ಟು ದಪ್ಪ, ಒಂದಿಷ್ಟು ಮೆತ್ತನೆ ಇರಬೇಕೆಂಬುದನ್ನು ಗಿರಣಿಯ ಹಿರಿಯರು ಬಹಳ ಹಿಂದೆಯೇ ಬಲ್ಲವರು. ಸ್ಪಿನ್ನಿಂಗ್ ಖಾತೆಯಲ್ಲಿ ಕಬ್ಬಿಣದ ರೋಲರಿಗೆ ಮೊದಲು ಉಣ್ಣೆಯ ಬಟ್ಟೆ ಅಂಟಿಸಿ, ಅದರ ಮೇಲೆ ಕುರಿಯ ತೊಗಲು ತೊಡಿಸುತ್ತಿದ್ದ ಕಾಲವಿತ್ತು. ರೋಲರ್ ಕವರಿಂಗ್ ಎಂದು ಅದೇ ಒಂದು ಕಸುಬು. ಆಮೇಲೆ ಸಿಂಥೆಟಿಕ್ ರಬ್ಬರಿನ ಕವಚ ಬಂತು, ಕಸುಬು ಹೋಯಿತು. 1982ರ ಸಂಪಿನ ಮೇಲೆ ಗಿರಣಿಗಳೇ ಒಂದೊಂದಾಗಿ ಹೋದವು. ಕಬ್ಬಿಣಕ್ಕೂ ತೊಗಲಿಗೂ ನೇರ ಸಂಬಂಧ ಮಾಡದೆ ನಡುವೆ ಬಟ್ಟೆ ಇಟ್ಟವರ ಬುದ್ಧಿ ಮಾತ್ರ ನಮಗೆ ಇನ್ನೂ ಬೇಕು.

ಒಂದು ಹನಿಯಲ್ಲಿ ಹಿಡಿಯುವ ಫೆವಿಕ್ವಿಕ್ ಜಾತಿಯ ಅಂಟಿನ ಬಗೆಗೆ ಬಹಳ ಹೇಳುವುದಿಲ್ಲ. ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪೆಟ್ಟಿಗೆ ಒಡೆಯುತ್ತದೆ. ತಿರುಪು ಹಾಕುವ ತನಕ ಪಟ್ಟಿ ಕದಲದಂತೆ ಹಿಡಿಯಲು ಅದನ್ನು ಉಪಯೋಗಿಸಿ, ಬೇರೆ ಯಾವುದಕ್ಕೂ ಬೇಡ. ಅಡಿಗೆಮನೆಯ ಬಿಳಿ ಪ್ಲಾಸ್ಟಿಕ್ಕಿನ ಕಾಯಿಪಲ್ಲೆ ಹೆಚ್ಚುವ ಹಲಗೆ ಹಳೆಯದಾದರೆ ಎಸೆಯಬೇಡಿ, ಫರ್ಮಾದ ಕೆಳಗೆ ಜಾರುವ ಪಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದು ಪಾಲಿಥೀನಿನ ಜಾತಿ. ಈವರೆಗೆ ಹೇಳಿದ ಯಾವ ಅಂಟೂ ಅದಕ್ಕೆ ನೆಟ್ಟಗೆ ಹತ್ತುವುದಿಲ್ಲ. ಕೆಳಗಿನಿಂದ ತಿರುಪು ಹಾಕಿ.

ಕೆಲವೆಡೆ ಬಿಟ್ಟುಹೋಗುವ ಅಂಟೇ ಬೇಕಾಗುತ್ತದೆ. ಈ ಊರಿನ ಸೆಕ್ಯುರಿಟಿ ಪ್ರೆಸ್ಸಿನಲ್ಲಿ 1926ರಿಂದ ಅಂಚೆ ಚೀಟಿ ಮುದ್ರಿಸುತ್ತ ಬಂದಿದ್ದಾರೆ. ನಾಲಿಗೆಯ ತೇವಕ್ಕೆ ಹತ್ತಿ, ಬಟ್ಟಲ ನೀರಿಗೆ ಬಿಡುವ ಅಂಟು ಆ ಚೀಟಿಯ ಬೆನ್ನಿಗಿದ್ದುದರಿಂದಲೇ ನಮ್ಮ ಮಕ್ಕಳು ಚೀಟಿ ಬಿಡಿಸಿ ಪುಸ್ತಕದಲ್ಲಿ ಕೂಡಿಸಿದರು. ಫರ್ಮಾದ ಮೇಲಿನ ಪಾಲಿಷ್ ಕಾಗದ ತಿಂಗಳಿಗೊಮ್ಮೆ ಸವೆಯುತ್ತದೆ. ಅದಕ್ಕೆ ಎಪಾಕ್ಸಿ ಹಚ್ಚಿದವನು ಮುಂದಿನ ತಿಂಗಳು ಉಳಿ ಹಿಡಿದು ಅಳಬೇಕಾಗುತ್ತದೆ. ಅಲ್ಲಿ ರಬ್ಬರ್ ಅಂಟು ಸಾಕು.

ಅಂಟಿನ ಮೇಲೆ ಜೀವ ನಿಂತಿರುವುದು ನಮ್ಮ ಕಾರಖಾನೆಗಳಲ್ಲಿ ಮಾತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲಿಷರು ಮಾಸ್ಕಿಟೋ ಎಂಬ ಮರದ ವಿಮಾನ ಹಾರಿಸಿದರು. ಅದಕ್ಕೆ ಮೊದಮೊದಲು ಹಚ್ಚಿದ್ದು ಹಾಲಿನ ಸತ್ವದಿಂದ ಮಾಡಿದ ಕೇಸಿನ್ ಅಂಟು. ತೇವದಲ್ಲಿ ಅದಕ್ಕೆ ಬೂಷ್ಟು ಬರುತ್ತಿತ್ತು. ಆಮೇಲೆ ಫಾರ್ಮಾಲ್ಡಿಹೈಡಿನ ಅಂಟಿಗೆ ಹೋದರು. ಆದರೂ 1944ರ ನವೆಂಬರಿನಲ್ಲಿ ನಮ್ಮ ದೇಶದಲ್ಲಿದ್ದ ಆ ವಿಮಾನಗಳ ಹಾರಾಟವನ್ನು ನಿಲ್ಲಿಸಬೇಕಾಯಿತು; ರೆಕ್ಕೆಗಳ ಅಂಟಿನ ಜೋಡಣೆಯಲ್ಲಿ ದೋಷ ಕಂಡುಬಂದಿತ್ತು. ಅದೇ ಕಂಪೆನಿಯ ಹಾರ್ನೆಟ್ ಎಂಬ ವಿಮಾನದಲ್ಲಿ ಮರಕ್ಕೆ ಅಲ್ಯುಮಿನಿಯಂ ಹಾಳೆಯನ್ನು ರೆಡಕ್ಸ್ ಎಂಬ ಹೊಸ ಅಂಟಿನಿಂದ ಕೂಡಿಸಿದರು. ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರಖಾನೆಯಲ್ಲಿ 1950ರ ದಶಕದಲ್ಲಿ ಕಟ್ಟಿದ ವ್ಯಾಂಪೈರ್ ಜೆಟ್ಟಿನ ಮೂತಿಯೂ ಪ್ಲೈವುಡ್ಡು, ನಡುವೆ ಬಾಲ್ಸಾ ಎಂಬ ಹಗುರ ಮರ, ಮತ್ತೆ ಪ್ಲೈವುಡ್ಡು, ರೆಕ್ಕೆ ಲೋಹದ್ದು. ಇದೇ ನಾಸಿಕದ ಓಝರಿನಲ್ಲಿ 1964ರಲ್ಲಿ ಮಿಗ್ ವಿಮಾನಗಳಿಗಾಗಿ ಶುರುವಾದದ್ದೂ ಆ ಬೆಂಗಳೂರು ಕಾರಖಾನೆಯ ಮನೆತನದ್ದೇ.

ಈಗ ಕೈಗೆಲಸ. ಹತ್ತು ಪಾಲಿನಲ್ಲಿ ಎಂಟು ಪಾಲು ಜೋಡಣೆ ಕೆಡುವುದು ಅಂಟಿನಿಂದಲ್ಲ, ಜಿಡ್ಡಿನಿಂದ ಎಂದು ನಮ್ಮ ಅಂದಾಜು. ದೋಸೆಯ ಕಾವಲಿಗೆ ಎಣ್ಣೆ ಸವರುವುದು ಏಕೆ? ಹತ್ತಬಾರದೆಂದು. ನಮ್ಮವರ ಕೈಯಲ್ಲಿ ಆ ಎಣ್ಣೆ ಸದಾ ಇರುತ್ತದೆ, ಅದೇ ಕೈಯಲ್ಲಿ ಪಟ್ಟಿ ಹಿಡಿಯುತ್ತೇವೆ. ಲೋಹವನ್ನು ಸಾಬೂನಿನಲ್ಲಿ ತೊಳೆದು, ಎಮರಿ ಕಾಗದದಿಂದ ಉಜ್ಜಿ, ಮತ್ತೆ ತೊಳೆದು, ಮೇಲೆ ಸ್ವಲ್ಪ ನೀರು ಹೊಯ್ದು ನೋಡಿ. ಎಣ್ಣೆ ಕಾವಲಿಯ ಮೇಲಿನ ಹಾಗೆ ನೀರು ಮಣಿಮಣಿಯಾದರೆ ಜಿಡ್ಡು ಇನ್ನೂ ಇದೆ. ಒಂದೇ ಹಾಳೆಯಂತೆ ಹರಡಿದರೆ ಹೋಗಿದೆ. ಒಣಗಿದ ಕೂಡಲೇ ಅಂಟು ಹಚ್ಚಿ, ಬೆರಳು ತಾಗಿಸಬೇಡಿ, ಅಲ್ಯುಮಿನಿಯಂ ಆದರೆ ನಾಳೆಗೆ ಇಡಲೇಬೇಡಿ. ಸೀಮೆ ಎಣ್ಣೆಯಿಂದ ಒರೆಸುವ ಹೊಟೆಲಿನ ಅಭ್ಯಾಸ ಇಲ್ಲಿ ಸಲ್ಲದು, ಅದು ತಾನೇ ಜಿಡ್ಡು ಬಿಟ್ಟುಹೋಗುತ್ತದೆ. ಸಾಗುವಾನಿಯ ಮೈಯಲ್ಲಿ ಹುಟ್ಟಿನಿಂದಲೇ ಎಣ್ಣೆಯುಂಟು. ಅಂಟು ಹಚ್ಚುವ ಮುಂಚೆ ಹೊಸದಾಗಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಆರಿದೊಡನೆ ಹಚ್ಚಿ.

ಪಟ್ಟಿಯ ಮೇಲೆ ಒತ್ತಡ ಯಾವ ಕಡೆಯಿಂದ ಬೀಳುತ್ತದೆಂದೂ ನೋಡಬೇಕು. ಕಾವಲಿಗೆ ಹತ್ತಿದ ದೋಸೆಯನ್ನು ಯಾರಾದರೂ ಪಕ್ಕಕ್ಕೆ ಎಳೆದು ತೆಗೆಯುತ್ತಾರೆಯೆ? ಅಂಚಿಗೆ ಸಟ್ಟುಗ ತೂರಿಸಿ ಎಬ್ಬಿಸುತ್ತಾರೆ. ಅಂಟಿನದೂ ಅದೇ ಕಥೆ. ಪಕ್ಕಕ್ಕೆ ಎಳೆದರೆ ಮೈಯೆಲ್ಲ ಸೇರಿ ಹಿಡಿಯುತ್ತದೆ, ಅಂಚಿನಿಂದ ಎಬ್ಬಿಸಿದರೆ ಆ ಒಂದು ಗೆರೆ ಮಾತ್ರ ಹಿಡಿಯಬೇಕು. ಆದುದರಿಂದ ಪಟ್ಟಿಯ ತುದಿ ಏಳದಂತೆ ಅಲ್ಲೊಂದು ತಿರುಪು ಬೇಕೇ ಬೇಕು. ಗಟ್ಟಿಮರದ ಹಲಗೆಯೇ ಗತಿಯಾದರೆ ನಡುವಿನಲ್ಲಿ ಮಾತ್ರ ಅಂಟು, ಎರಡು ತುದಿಗಳಲ್ಲಿ ಉದ್ದುದ್ದ ತೂತಿನಲ್ಲಿ ತಿರುಪು, ಮರ ಓಡಾಡಲಿ. ಗರಗಸ, ರೌಟರ್, ಇಂಥ ತಿರುಗುವ ಹಲ್ಲಿನ ಮುಂದೆ ನಿಲ್ಲುವ ಯಾವ ತುಂಡನ್ನೂ ಅಂಟೊಂದರ ಮೇಲೆ ಬಿಡಬಾರದು. ಎಪಾಕ್ಸಿಯನ್ನು ಇಷ್ಟು ಹೊಗಳಿದ ನಾವೇ ಇದನ್ನು ಹೇಳುತ್ತಿದ್ದೇವೆ.

ಮೈಯ ಆರೋಗ್ಯದ ಮಾತು ಒಂದೆರಡು. ಎಪಾಕ್ಸಿ ಕೈಗೆ ತಾಗುತ್ತ ಬಂದರೆ ಕೆಲವರಿಗೆ ತುರಿಕೆ, ಗುಳ್ಳೆ ಏಳುತ್ತದೆ. ಒಮ್ಮೆ ಮೈಗೆ ಆಗದೆಹೋದರೆ ಆಮೇಲೆ ಜನ್ಮವಿಡೀ ಆಗದು. ಕೈಚೀಲ ಹಾಕಿಕೊಳ್ಳಿ, ಥಿನ್ನರಿನಲ್ಲಿ ಕೈ ತೊಳೆಯಬೇಡಿ. ರಬ್ಬರ್ ಅಂಟಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ಹತ್ತು ಹೆಜ್ಜೆ ಆಚೆಯ ಒಲೆಯನ್ನು ಮುಟ್ಟಬಲ್ಲದು. ಹೊಟೆಲಿನ ಹಿಂದಿನ ಕೋಣೆಯಲ್ಲಿ, ಭಟ್ಟಿ ಉರಿಯುತ್ತಿರುವಾಗ ಟೇಬಲಿಗೆ ಸನ್‌ಮೈಕಾ ಹಚ್ಚಲು ಯಾವ ಯಜಮಾನರು ಹೇಳಿದರೂ ಆಗುವುದಿಲ್ಲವೆನ್ನಿ. ನಮ್ಮ ಹುಡುಗರು ಕೆಲಸ ಮಾಡುವ ಜಾಗದಲ್ಲೇ ಚಾಪೆ ಬಿಡಿಸಿ ಮಲಗುವವರು. ಅಂಟು ಬಳಿದ ಹಲಗೆಗಳನ್ನು ನಿಲ್ಲಿಸಿ, ಕಳ್ಳರ ಭಯಕ್ಕೆ ಬಾಗಿಲು ಹಾಕಿ, ಅದೇ ನೆಲದ ಮೇಲೆ ಎಂಟು ಮಂದಿ ಮಲಗಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಬೆಳಿಗ್ಗೆ ತಲೆನೋವು ಬಂದರೆ ಚಹಾ ಕುಡಿದು ಸುಮ್ಮನಾಗುತ್ತಾರೆ. ಮಲಗಲು ಬೇರೆ ಜಾಗ ಕೇಳುವುದು ಸಂಘದ ಕೆಲಸ, ಅದನ್ನು ನಾವು ಕೇಳುತ್ತೇವೆ.

ಹಾಗೆಯೇ ಇನ್ನೊಂದು ಬೇಡಿಕೆ. ಎಪಾಕ್ಸಿ ಪೂರ್ತಿ ಬಲ ಹಿಡಿಯಲು ಒಂದು ಹಗಲು ಒಂದು ರಾತ್ರಿ ಬೇಕು, ಚಳಿಯಲ್ಲಿ ಎರಡು. ಆರ್ಡರು ಬಂದಿದೆ, ಈಗಲೇ ಗರಗಸಕ್ಕೆ ಹಾಕು ಎನ್ನುವವರ ಬೆರಳು ಗರಗಸದ ಹತ್ತಿರ ಇರುವುದಿಲ್ಲ. ಅಂಟಿಸಿದ ತಾರೀಖು ಮತ್ತು ಗಂಟೆಯನ್ನು ಪೆನ್ಸಿಲಿನಿಂದ ಫರ್ಮಾದ ಮೇಲೆಯೇ ಬರೆಯಿರಿ. ಹೊತ್ತು ಆಗದ ಫರ್ಮಾವನ್ನು ಕನ್ನಡದವನು ಮುಟ್ಟುವುದಿಲ್ಲ, ಮರಾಠಿಯವನು ಮುಟ್ಟುವುದಿಲ್ಲ, ರಾಜಸ್ಥಾನದ ಮಿಸ್ತ್ರಿಯೂ ಮುಟ್ಟುವುದಿಲ್ಲ ಎಂದು ಶೆಡ್ಡಿನವರೆಲ್ಲ ಸೇರಿ ನಿಂತರೆ ಯಜಮಾನರು ಒಂದು ದಿನ ಕಾಯುತ್ತಾರೆ. ಒಬ್ಬನೇ ನಿಂತರೆ ಬೇರೊಬ್ಬನನ್ನು ಕರೆಯುತ್ತಾರೆ.

ಮೇಜಿನ ಮೇಲೆ ಹನ್ನೆರಡು ತುಂಡುಗಳಿವೆ. ಪ್ಲೈವುಡ್ಡಿಗೆ ಅಲ್ಯುಮಿನಿಯಂ, ಸಾಗುವಾನಿಗೆ ಉಕ್ಕು, ಸಾಗುವಾನಿಗೆ ಸನ್‌ಮೈಕಾ, ಪ್ಲೈವುಡ್ಡಿಗೆ ಆ ಅಡಿಗೆಮನೆಯ ಬಿಳಿ ಹಲಗೆ. ಒಂದೊಂದಕ್ಕೂ ಬಿಳಿ ಅಂಟು, ರಬ್ಬರ್ ಅಂಟು, ಎಪಾಕ್ಸಿ. ಕಳೆದ ಭಾನುವಾರ ಅಂಟಿಸಿದ್ದು, ತಾರೀಖು ಬರೆದಿದೆ. ನಾಲ್ಕು ನಾಲ್ಕು ಜನ ಬಂದು ಮೊದಲು ಪಕ್ಕಕ್ಕೆ ಎಳೆಯಿರಿ, ಆಮೇಲೆ ಅಂಚಿಗೆ ಉಳಿ ತೂರಿಸಿ ಎಬ್ಬಿಸಿ. ಬಿಟ್ಟುಕೊಂಡ ಮೇಲೆ ಅಂಟು ಯಾವ ಮೈಯ ಮೇಲೆ ಉಳಿದಿದೆ ಎಂಬುದನ್ನು ದೀಪದ ಹತ್ತಿರ ಹಿಡಿದು ನೋಡಿ. ಲೋಹ ಬೋಳಾಗಿದ್ದರೆ ತೊಳೆದದ್ದು ಸಾಲದು; ಲೋಹದ ಮೇಲೆ ಮರದ ಎಳೆ ಕಿತ್ತು ಬಂದಿದ್ದರೆ ಆ ಜೋಡಣೆ ಸರಿ. ಉಳಿ ಹಿಡಿಯುವವರು ಎಡಗೈಯನ್ನು ಉಳಿಯ ಹಿಂದೆ ಇಟ್ಟುಕೊಳ್ಳಿ. ಬಾಗಿಲ ಹತ್ತಿರ ಕೂತವರು ಮೊದಲು ಬನ್ನಿ.